ಕದಲಿಸದೆ ಇಟ್ಟ ರಿವಾಲ್ವರ್

ನಮ್ಮವರಿಗೆ ಯಾವುದೇ ವಸ್ತುವನ್ನು ಕೊಳ್ಳುವುದಕ್ಕಿಂತ ಅದರ ಬಗ್ಗೆ ಓದುವುದರಲ್ಲಿ ಹೆಚ್ಚು ಸುಖ. ವೆಟ್ ಗ್ರೈಂಡರ್ ತರುವ ಮೊದಲು ಕಲ್ಲಿನ ತೂಕ, ಮೋಟರಿನ ಶಕ್ತಿ, ಡ್ರಮ್ಮಿನ ಅಳತೆ ಎಂದು ಒಂದಿಡೀ ಚಳಿಗಾಲ ನನ್ನ ತಲೆ ತಿಂದಿದ್ದರು. ಕೊನೆಗೆ ತಂದದ್ದು ಅಂಗಡಿಯಲ್ಲಿ ಉಳಿದಿದ್ದ ಒಂದೇ ಒಂದನ್ನು. ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹೀಗಿರಬೇಕು ಹಾಗಿರಬೇಕು ಎಂದು ಬರೆಯುವುದೇ ಅವರ ಉದ್ಯೋಗವಾಗಿತ್ತು. ಹಾಗಾಗಿ ಮೋಟು ಮೂಗಿನ, ಅಂದರೆ ಗಿಡ್ಡ ನಳಿಗೆಯ, ರಿವಾಲ್ವರಿನ ಮಾತು ಶುರುವಾದಾಗ ನಾನು ಅಷ್ಟಾಗಿ ಕಿವಿಗೊಡಲಿಲ್ಲ. ಇದೂ ಒಂದು ಗ್ರೈಂಡರ್ ಎಂದುಕೊಂಡೆ. ಓಕ್ಲ್ಯಾಂಡಿನ ಆಸ್ಪತ್ರೆಯ ಲ್ಯಾಬಿನಿಂದ ಟ್ರೇನು ಹಿಡಿದು ಮನೆ ಸೇರುವಷ್ಟರಲ್ಲಿ ನನ್ನಲ್ಲಿ ವಾದ ಮಾಡುವ ತ್ರಾಣವೇ ಇರುತ್ತಿರಲಿಲ್ಲ.

ಶುರುವಾಗಲು ಕಾರಣ ನನ್ನ ಮಾಂಗಲ್ಯದ ಸರ. ಒಂದು ಶನಿವಾರ ಮಧ್ಯಾಹ್ನ, ಎಲ್ ಕಮಿನೋ ರಸ್ತೆಯ ಇಂಡಿಯನ್ ಗ್ರೋಸರಿಯ ಪಾರ್ಕಿಂಗಿನಲ್ಲಿ, ನಾನು ಕಾರಿನ ಡಿಕ್ಕಿ ತೆಗೆಯುತ್ತಿದ್ದೆ. ಪಕ್ಕದಲ್ಲಿ ಒಂದು ಕಾರು ನಿಂತಿತು. ಒಳಗಿದ್ದವನು ಫಾರ್ಮಸಿ ಎಲ್ಲಿದೆ ಎಂದು ಕೇಳಿದ. ದಾರಿ ಕೇಳಿದವರಿಗೆ ಬಗ್ಗಿ ಹೇಳುವುದು ನಮ್ಮ ಕಡೆಯ ಅಭ್ಯಾಸ, ಬಗ್ಗಿದೆ. ಕೈ ಬಂತು, ಕತ್ತು ಉರಿಯಿತು, ಕಾರು ಹೋಯಿತು. ತಿರುಗಿ ನೋಡಿದರೆ ನಮ್ಮವರು ಎರಡೂ ಕೈಯಲ್ಲಿ ಗ್ಯಾಲನ್ ಹಾಲಿನ ಡಬ್ಬ ಹಿಡಿದು ಹಾಗೇ ನಿಂತಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಪೊಲೀಸರು ಬಂದು ಕೇಳಿದ್ದಕ್ಕೆಲ್ಲ ಉತ್ತರ ಹೇಳುವಾಗಲೂ ಆ ಡಬ್ಬಗಳನ್ನು ಕೆಳಗಿಟ್ಟಿರಲಿಲ್ಲ. ಕೊನೆಗೆ ನಾನೇ ಬಿಡಿಸಿ ಡಿಕ್ಕಿಯಲ್ಲಿಟ್ಟೆ.

ಸರ ಹೋದದ್ದಕ್ಕೆ ನಾನು ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದಾಗಿ ಹೋದದ್ದು ನನ್ನ ಸಂಜೆಯ ವಾಕು. ಕೆಲಸದಿಂದ ಬಂದವಳು ಬ್ಯಾಗು ಎಸೆದು, ಶೂ ಬದಲಿಸಿ, ನಮ್ಮ ಅಪಾರ್ಟ್‌ಮೆಂಟಿನಿಂದ ಪಾರ್ಕಿನವರೆಗೆ ಒಬ್ಬಳೇ ನಡೆದು ಬರುತ್ತಿದ್ದೆ. ಯಾರೂ ಏನೂ ಕೇಳದ, ಯಾರಿಗೂ ಏನೂ ಹೇಳಬೇಕಿಲ್ಲದ ಹೊತ್ತು ನನಗೆ ಅದೊಂದೇ. ಈಗ ನಾನು ಶೂ ಹಾಕಿದರೆ ಅವರೂ ಹಾಕುತ್ತಿದ್ದರು. ಪಕ್ಕದಲ್ಲಿ ನಡೆಯುತ್ತಾ, ನಿಧಾನವಾಗುವ ಪ್ರತಿ ಕಾರನ್ನೂ ದಿಟ್ಟಿಸುತ್ತಾ, ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ವಾಕೇ ಬೇಡವೆಂದು ಸೋಫಾದಲ್ಲಿ ಕೂತೆ. ನನಗೆ ಬೇಕಿದ್ದದ್ದು ಆ ಹೊತ್ತು ವಾಪಸ್ಸು, ಬೇರೇನೂ ಅಲ್ಲ. ಅದನ್ನು ಹೇಳಿದರೆ, "ಅದಕ್ಕೇ ಕಣೆ ನಾನು ಹುಡುಕ್ತಾ ಇರೋದು" ಎನ್ನುತ್ತಿದ್ದರು.

ಅವರು ಹುಡುಕುತ್ತಿದ್ದದ್ದು ನನ್ನ ಬ್ಯಾಗಿನಲ್ಲಿಡಲು ಒಂದು ರಿವಾಲ್ವರು. ಬೆಳಗಿನ ಕಾಫಿಗೆ ಅದೇ, ರಾತ್ರಿಯ ಅನ್ನ ಸಾರಿಗೂ ಅದೇ. ನಳಿಗೆ ಎರಡು ಅಂಗುಲಕ್ಕಿಂತ ಉದ್ದವಿರಬಾರದು. ಕುದುರೆ, ಅಂದರೆ ಗುಂಡನ್ನು ಬಡಿಯುವ ಹಿಂದಿನ ಕೊಕ್ಕೆ, ಹೊರಗೆ ಚಾಚಿಕೊಂಡಿರಬಾರದು, ಬ್ಯಾಗಿನ ಬಟ್ಟೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದಿನ ಗುರಿಯ ಚುಕ್ಕಿ ಕಿತ್ತಳೆ ಬಣ್ಣದ್ದಾಗಿರಬೇಕು, ಚಾಳೀಸು ಬಂದ ಕಣ್ಣಿಗೂ ಕಾಣಬೇಕು. ಹಿಡಿ ರಬ್ಬರಿನದು. ಗುಂಡಿನ ಅಳತೆಗಳಂತೂ ಬಟ್ಟೆ ಅಂಗಡಿಯ ಸೈಜಿನ ಹಾಗೆ ನನಗೆ ಬಾಯಿಪಾಠವಾದವು.

"ಮೂವತ್ತೆಂಟು ಎಲ್ಲ ಕಡೆ ಸಿಗುತ್ತೆ. ಆದ್ರೆ ಐದೇ ಗುಂಡು ಹಿಡಿಸೋದು. ಮೂವತ್ತೆರಡಾದ್ರೆ ಅಷ್ಟೇ ಜಾಗದಲ್ಲಿ ಆರು. ಒದೆಯೋದೂ ಕಮ್ಮಿ."

"ನಾನೇನು ಯುದ್ಧಕ್ಕೆ ಹೋಗ್ತೀನೇನ್ರೀ?"

"ತಮಾಷೆ ಬೇಡ. ಹಗುರದ ಲೋಹದ್ದು ತೊಗೊಂಡ್ರೆ ಕೈಗೆ ಜೋರಾಗಿ ಒದೆಯುತ್ತೆ. ಸ್ಟೀಲಿನದಾದ್ರೆ ಒದೆಯಲ್ಲ, ಆದ್ರೆ ಬ್ಯಾಗು ಭಾರ. ನಿನ್ನ ಹೆಬ್ಬೆರಳಿಗೆ ಯಾವುದು ವಾಸಿ?"

ನನ್ನ ಹೆಬ್ಬೆರಳಿನ ವಿಷಯ ಹೇಳಬೇಕು. ಲ್ಯಾಬಿನಲ್ಲಿ ವರ್ಷಗಟ್ಟಲೆ ಹನಿ ಅಳೆಯುವ ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ಅದರ ಬುಡದ ಕೀಲು ಸವೆದಿದೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯುವುದೂ ನನ್ನಿಂದ ಆಗುವುದಿಲ್ಲ. ನಮ್ಮವರು ಅದನ್ನೂ ಬೇಕು ಬೇಡಗಳ ಲೆಕ್ಕಕ್ಕೆ ಸೇರಿಸಿಕೊಂಡರು. ಒಬ್ಬರ ನೋವನ್ನು ಇನ್ನೊಬ್ಬರು ಇಷ್ಟು ಶ್ರದ್ಧೆಯಿಂದ ಅಳೆಯುವುದನ್ನು ಕಂಡು ಒಂದೊಂದು ಸಲ ಪ್ರೀತಿ ಬರುತ್ತಿತ್ತು, ಒಂದೊಂದು ಸಲ ತಟ್ಟೆ ಎತ್ತಿ ಎಸೆಯಬೇಕೆನಿಸುತ್ತಿತ್ತು.

ಅದೇ ದಿನಗಳಲ್ಲಿ ಸ್ನೇಹಿತರೊಬ್ಬರ ಮನೆಯ ಊಟದಲ್ಲಿ ಇವರು ಮೂಲೆಯಲ್ಲಿ ಯಾರಿಗೋ, "ಐದು ಗುಂಡು ಸಾಕಾ, ಆರು ಬೇಕಾ ಅನ್ನೋದೇ ಪ್ರಶ್ನೆ" ಎಂದು ಗಂಭೀರವಾಗಿ ಹೇಳುತ್ತಿದ್ದರು. ಹಿಂದೆ ನಿಂತಿದ್ದ ಹಾಸನದ ಕಡೆಯ ಡಾಕ್ಟರೊಬ್ಬರು ಕುರ್ಚಿ ಎಳೆದುಕೊಂಡು ಬಂದು, "ನಂಗೆ ಎರಡಕ್ಕೇ ನಿದ್ದೆ ಬರುತ್ತೆ ಸಾರ್, ಯಾವ ಬ್ರ್ಯಾಂಡು?" ಎಂದರು. ಎಲ್ಲರೂ ನಕ್ಕರು. ನಮ್ಮವರು ನಗಲಿಲ್ಲ. ಆಗ ನನಗೆ ಮೊದಲ ಸಲ ಭಯವಾಯಿತು, ಇದು ಗ್ರೈಂಡರಿನ ಹಾಗಲ್ಲ ಎಂದು.

ಇನ್ನೊಂದು ಬದಲಾವಣೆಯನ್ನೂ ಆ ಹೊತ್ತಿಗೆ ಗಮನಿಸಿದ್ದೆ. ಅವರು ಕೈಯಲ್ಲಿ ಏನನ್ನೂ ಹಿಡಿಯುತ್ತಿರಲಿಲ್ಲ. ಗ್ರೋಸರಿಗೆ ಹೋದರೆ ಗಾಡಿಯನ್ನು ಕಾರಿನವರೆಗೂ ತಳ್ಳುವವಳು ನಾನು, ಅಕ್ಕಿ ಚೀಲ ಎತ್ತುವವಳು ನಾನು, ಹಾಲಿನ ಡಬ್ಬಗಳನ್ನು ಮೆಟ್ಟಿಲು ಹತ್ತಿಸುವವಳು ನಾನು. ಅವರು ಎರಡೂ ಕೈ ಬಿಟ್ಟುಕೊಂಡು, ಸುತ್ತ ನೋಡುತ್ತಾ, ಕಾವಲುಗಾರನ ಹಾಗೆ ಬರುತ್ತಿದ್ದರು. ನನ್ನ ಹೆಬ್ಬೆರಳಿಗೆ ಒದೆತ ಎಷ್ಟು ತಾಗಬಹುದೆಂದು ಓದಿ ತಿಳಿದುಕೊಂಡವರಿಗೆ ಹಾಲಿನ ಡಬ್ಬದ ಭಾರ ಹೊಳೆಯಲಿಲ್ಲವಲ್ಲ ಎಂದು ಸಿಟ್ಟು ಬರುತ್ತಿತ್ತು. ಆದರೂ ಕೇಳಲಿಲ್ಲ, ಜಗಳಕ್ಕೂ ಶಕ್ತಿ ಬೇಕು.

ಒಂದು ಭಾನುವಾರ ಗಿಲ್‌ರಾಯ್ ಕಡೆಯ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದರು. ಬಾಡಿಗೆಗೆ ಸಿಗುವ ಮೋಟು ರಿವಾಲ್ವರುಗಳನ್ನು ನಾನು ಹಿಡಿದು ನೋಡಬೇಕೆಂದು. ಕಲಿಸಲು ಬಂದ ಹೆಂಗಸು ನನ್ನ ವಯಸ್ಸಿನವಳೇ, ಸಮಾಧಾನದ ದನಿಯವಳು. ಕುದುರೆ ಒಳಗಡಗಿದ್ದ ಮೂವತ್ತೆಂಟನ್ನು ಕೈಗಿಟ್ಟಳು. ನನ್ನ ತೋರುಬೆರಳು ಬಿಳಿಚಿಕೊಂಡಿತೇ ಹೊರತು ಬಿಲ್ಲು, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರು, ಹಿಂದೆ ಬರಲಿಲ್ಲ. ಕುದುರೆ ಹೊರಗಿರುವುದನ್ನು ಕೊಟ್ಟಳು. ಅದನ್ನು ಹೆಬ್ಬೆರಳಿನಿಂದ ಹಿಂದೆಳೆದು ನಿಲ್ಲಿಸಿಕೊಂಡರೆ ಆಮೇಲೆ ತೋರುಬೆರಳಿಗೆ ಸುಲಭವಂತೆ. ಆದರೆ ಹೆಬ್ಬೆರಳಿಗೇ ತಾನೇ ಶಕ್ತಿ ಇಲ್ಲದ್ದು. ಹಾಗಾದರೆ ಪುಟ್ಟ ಇಪ್ಪತ್ತೆರಡು ಕೊಡಿ ಎಂದರು ನಮ್ಮವರು. ಗುಂಡು ಪುಟ್ಟದಾದರೂ ಅದರ ಬಿಲ್ಲು ಇನ್ನೂ ಬಿಗಿ ಎಂದು ಅವಳು ತಲೆಯಾಡಿಸಿದಳು.

ಎರಡೂ ಕೈ ಸೇರಿಸಿ, ಹಲ್ಲು ಕಚ್ಚಿ, ಕೊನೆಗೂ ಒಂದು ಗುಂಡು ಹಾರಿಸಿದೆ. ಕಾಗದದ ಮನುಷ್ಯನ ಕಿವಿಯ ಪಕ್ಕ ಎಲ್ಲೋ ಹೋಯಿತು. ನನ್ನ ಕೈ ಮೊಣಕೈಯವರೆಗೆ ಜುಮ್ಮೆಂದಿತು. ಆ ಹೆಂಗಸು ಮೆಲ್ಲಗೆ, ನಿನಗೆ ಇದು ನಿಜವಾಗಿ ಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಗಂಡನ ಮುಖ ನೋಡಿದೆ.

ವಾಪಸ್ಸು ಬರುವಾಗ ಫ್ರೀವೇ ತುಂಬ ಅವರದೇ ಮಾತು. ಆರು ಹಿಡಿಸುವ ಮೂವತ್ತೆರಡು, ಸ್ಟೀಲಿನ ಮೈ, ಒಳಗಿನ ಕುದುರೆ, ಬೆಣ್ಣೆಯಂಥ ಬಿಲ್ಲು. ಹಾಗೆ ಯಾರಾದರೂ ಮಾಡಿಕೊಟ್ಟರೆ ಎಷ್ಟು ಚೆನ್ನ.

"ಇದೆಲ್ಲ ಇರೋದು ಎಲ್ಲೂ ಇಲ್ಲ ಕಣೆ. ಹತ್ತಿರತ್ತಿರ ಇರೋದನ್ನ ಈ ರಾಜ್ಯದಲ್ಲಿ ಮಾರೋ ಹಾಗಿಲ್ಲ."

"ದೇವರು ದೊಡ್ಡೋನು" ಎಂದೆ ನಾನು.

ಆದರೂ ತಂದರು. ಆಯುಧ ಕೊಳ್ಳಲು ಬೇಕಾದ ಪರೀಕ್ಷೆ ಬರೆದು, ಕಾನೂನು ಹೇಳಿದಷ್ಟು ದಿನ ಕಾದು, ಐದು ಹಿಡಿಸುವ, ಸ್ಟೀಲಿನ, ಸಾಧಾರಣ ಮೂವತ್ತೆಂಟೊಂದನ್ನು ಬೀಗದ ಪೆಟ್ಟಿಗೆಯ ಸಮೇತ ತಂದರು. ನಾನು ಅದನ್ನು ಹೊರಗೆ ಒಯ್ಯಬೇಕಾದರೆ ಬೇರೆ ಪರ್ಮಿಟ್ಟು, ಬೇರೆ ತರಬೇತಿ. ಅದಕ್ಕೂ ಅರ್ಜಿ ತುಂಬಿಸುತ್ತೇನೆ ಎಂದರು. ಮಗಳು ಫೋನಿನಲ್ಲಿ ಅವಳಪ್ಪನ ಮಾತನ್ನೆಲ್ಲ ಕೇಳಿ, "ಅಮ್ಮಾ, ಡು ಯು ಈವನ್ ವಾಂಟ್ ಇಟ್?" ಎಂದಳು. ಊಟ ಆಯಿತಾ ಎಂದು ಮಾತು ತಿರುಗಿಸಿದೆ.

ಅಷ್ಟರಲ್ಲಿ ನವರಾತ್ರಿ ಬಂತು. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ದೇವರ ಮುಂದೆ ಮಣೆ ಹಾಕಿ ಎಲ್ಲವನ್ನೂ ಇಡುತ್ತೇವೆ. ಈಳಿಗೆಮಣೆ, ಚಾಕು, ಅವರ ಸ್ಕ್ರೂಡ್ರೈವರು, ಕಾರಿನ ಕೀ, ಲ್ಯಾಪ್‌ಟಾಪು, ನಾನು ಲ್ಯಾಬಿನಿಂದ ತಂದಿಟ್ಟುಕೊಂಡ ಹಳೆಯ ಪಿಪೆಟ್ಟು. ಆ ವರ್ಷ ಅವರು ಖಾಲಿ ರಿವಾಲ್ವರನ್ನೂ ತಂದಿಟ್ಟರು. ಇಟ್ಟದ್ದು ಸರಿಯೇ, ಮಣೆಯ ಮೇಲೆ ನಿಜವಾದ ಆಯುಧವೆಂದರೆ ಅದೊಂದೇ. ನಾನು ಅರಿಶಿನ ಕುಂಕುಮವನ್ನು ನೀರಿನಲ್ಲಿ ಕಲೆಸಿ ಎಲ್ಲಕ್ಕೂ ಹಚ್ಚುತ್ತಾ ಬಂದು, ಅದರ ಮೋಟು ಮೂಗಿಗೂ ದಪ್ಪಗೆ ಹಚ್ಚಿ, ಗುಂಡು ತುಂಬುವ ತಿರುಗುಗಾಲಿಗೆ ಒಂದು ಬೊಟ್ಟಿಟ್ಟೆ.

"ಅಯ್ಯೋ, ಒಳಗೆ ಹೋಗುತ್ತೆ ಕಣೆ, ಒಣಗಿದ್ರೆ ತಿರುಗೋದೇ ಇಲ್ಲ."

"ಕಾರಿಗೆ ಹಚ್ಚಿದಾಗ ಸುಮ್ಮನಿರ್ತೀರಿ" ಎಂದು ಮೇಲೊಂದು ಚೆಂಡುಹೂವು ಇಟ್ಟೆ. ಮಂಗಳಾರತಿಯಾದ ಮೇಲೆ ಅವರು ಅದನ್ನು ಹೂವಿನ ಸಮೇತ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ, ಪೆಟ್ಟಿಗೆಯನ್ನು ಮಣೆಯ ಮೇಲೆಯೇ ಬಿಟ್ಟರು.

ಪೂಜೆಗಿಟ್ಟದ್ದನ್ನು ಕದಲಿಸುವವರೆಗೆ ಯಾರೂ ಬಳಸುವ ಹಾಗಿಲ್ಲ. ನಮ್ಮ ಅತ್ತೆ ನನಗೆ ಕಲಿಸಿದ ಕ್ರಮ ಅದು. ವಿಜಯದಶಮಿಯ ಬೆಳಿಗ್ಗೆ ಪೂಜೆ ಮಾಡಿದ ಹೆಂಗಸೇ ಒಂದೊಂದನ್ನೂ ಮುಟ್ಟಿ, ಕೂತಲ್ಲಿಂದ ಒಂದಿಷ್ಟು ಬಲಕ್ಕೆ ಸರಿಸಬೇಕು. ಸರಿಸಿದರೆ ಅದು ಮತ್ತೆ ಚಾಕು, ಮತ್ತೆ ಕೀ. ಸರಿಸದಿದ್ದರೆ ಇನ್ನೂ ದೇವರು. ದೇವರನ್ನು ಯಾರೂ ಈರುಳ್ಳಿ ಹೆಚ್ಚಲು ಎತ್ತಿಕೊಳ್ಳುವುದಿಲ್ಲ.

ನಾನು ಚಾಕು ಕದಲಿಸಿದೆ, ಈಳಿಗೆಮಣೆ ಕದಲಿಸಿದೆ, ಕೀ, ಲ್ಯಾಪ್‌ಟಾಪು, ಪಿಪೆಟ್ಟು ಎಲ್ಲ ಆಯಿತು. ಪೆಟ್ಟಿಗೆಯ ಹತ್ತಿರ ಬಂದು ಕೈ ಹಿಂದೆ ತೆಗೆದುಕೊಂಡೆ. ಮೊದಲೇ ಯೋಚಿಸಿ ಮಾಡಿದ್ದಲ್ಲ, ಕೈ ಮುಂದೆ ಹೋಗಲಿಲ್ಲ ಅಷ್ಟೇ.

"ಅದನ್ನೂ ಕದಲಿಸು. ಒರೆಸಿ ಎಣ್ಣೆ ಹಾಕ್ಬೇಕು" ಎಂದರು ನಮ್ಮವರು.

"ನಾನು ಕದಲಿಸಲ್ಲ ರೀ."

"ಅಂದ್ರೆ?"

"ಅಂದ್ರೆ ಅದು ಅಲ್ಲೇ ಇರ್ಲಿ. ನಂಗೆ ಬೇಡ. ಮೂವತ್ತೆರಡೂ ಬೇಡ, ಮೂವತ್ತೆಂಟೂ ಬೇಡ. ನಂಗೆ ನನ್ನ ವಾಕು ಬೇಕು, ಒಬ್ಬಳೇ. ಸಾಕಾಗಿದೆ ನಂಗೆ."

ಕೈ ಚಾಚಿ ಪೆಟ್ಟಿಗೆ ಎತ್ತಿಕೊಳ್ಳಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ದೇವರು ದಿಂಡರೆಂದು ಹೆಚ್ಚು ನಂಬಿದವರಲ್ಲ, ಪೂಜೆಯ ಹೊತ್ತಿಗೆ ಪಂಚೆ ಉಡುವುದೂ ನನ್ನ ಬಲವಂತಕ್ಕೆ. ಆದರೂ ಎತ್ತಲಿಲ್ಲ. ಮಣೆಯ ಮುಂದೆ ಕೂತು ಪೆಟ್ಟಿಗೆಯನ್ನೇ ನೋಡಿದರು. ನನಗೆ ಈ ಕ್ರಮ ಕಲಿಸಿದ ಅವರ ತಾಯಿ ನೆನಪಾದರು, ಅವರಿಗೂ ನೆನಪಾಗಿರಬೇಕು.

"ಹಾಲಿನ ಡಬ್ಬ ಕೆಳಗಿಡಬಹುದಿತ್ತು ಕಣೆ" ಎಂದರು.

ಅವರು ಯಾವ ಡಬ್ಬದ ಮಾತಾಡುತ್ತಿದ್ದಾರೆಂದು ನನಗೆ ತಕ್ಷಣ ಗೊತ್ತಾಯಿತು. "ಇಟ್ಟಿದ್ರೆ ಏನಾಗ್ತಿತ್ತು? ಅವನ ಹತ್ರ ಏನಿತ್ತೋ ಏನೋ" ಎಂದೆ.

"ಏನಾಗ್ತಿತ್ತು ಅಂತಲ್ಲ. ಕೈ ತುಂಬ ಹಾಲು ಹಿಡ್ಕೊಂಡು ನಿಂತಿದ್ದೆ. ನಿನ್ನ ಕತ್ತಿಗೆ ಕೈ ಹಾಕ್ದ, ನಾನು ಹಾಲು ಚೆಲ್ಲುತ್ತೆ ಅಂತ ಯೋಚನೆ ಮಾಡ್ದೆ. ಅದೇ ಯೋಚನೆ ಬಂದಿದ್ದು."

ಇಷ್ಟು ತಿಂಗಳು ಅವರು ನಳಿಗೆ, ಬಿಲ್ಲು, ಒದೆತ ಎಂದು ಹೇಳುತ್ತಿದ್ದದ್ದೆಲ್ಲ ಇದನ್ನೇ. ಅಂದು ಹಾಗೆ ನಿಂತದ್ದಕ್ಕೆ ಅವರ ಮೇಲೆ ನನಗೆ ಒಂದು ದಿನವೂ ಸಿಟ್ಟು ಇರಲಿಲ್ಲ. ಹಾಗೆಂದು ಹೇಳಿದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನನಗೆ ಅಳು ಬಂತು, ಅವರ ಕಣ್ಣೂ ಒದ್ದೆಯಾಗಿತ್ತು. ಆಮೇಲೆ ಎದ್ದು, "ಇರ್ಲಿ ಬಿಡು, ಹೇಗೂ ಕುಂಕುಮ ಒಣಗಿರುತ್ತೆ" ಎಂದರು.

ಅಂದು ಸಂಜೆ ಶೂ ಹಾಕಿಕೊಂಡೆ. ಅವರು ಸೋಫಾದಿಂದ ಅರ್ಧ ಎದ್ದು, ಮತ್ತೆ ಕೂತರು. ಪಾರ್ಕಿನವರೆಗೆ ಹೋದೆ. ಹಿಂದೆ ಕಾರಿನ ಸದ್ದಾದಾಗಲೆಲ್ಲ ನನ್ನ ಕೈ ಕತ್ತಿಗೆ ಹೋಗುತ್ತಿತ್ತು, ಅಲ್ಲಿ ಈಗ ಬರೀ ಕರಿಮಣಿ. ಹೆದರಿಕೆ ಪೂರ್ತಿ ಹೋಗಿರಲಿಲ್ಲ, ಇಂದಿಗೂ ಹೋಗಿಲ್ಲ. ಆದರೂ ಯಾರೂ ಮೊಣಕೈ ಹಿಡಿಯದೆ ನಡೆದೆ. ಬರುವಾಗ ಮೂಲೆಯ ಅಂಗಡಿಯಲ್ಲಿ ಒಂದು ಗ್ಯಾಲನ್ ಹಾಲು ತೆಗೆದುಕೊಂಡೆ.

ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಅವರು ನಿಂತಿದ್ದರು, ಎಂದಿನಂತೆ ಎರಡೂ ಕೈ ಬಿಟ್ಟುಕೊಂಡು. ನನ್ನನ್ನು ನೋಡಿ ರಸ್ತೆಯ ಆ ಕಡೆ ಈ ಕಡೆ ಒಂದು ಸಲ ನೋಡಿದರು. ಆಮೇಲೆ ಹತ್ತಿರ ಬಂದು, "ಕೊಡು ಇಲ್ಲಿ" ಎಂದು ಹಾಲಿನ ಡಬ್ಬ ಇಸಿದುಕೊಂಡರು. ಎದೆಗೆ ಒತ್ತಿ, ಎರಡೂ ಕೈಯಲ್ಲಿ ಹಿಡಿದು ಮುಂದೆ ನಡೆದರು. ನಾನು ಹೆಬ್ಬೆರಳು ತಿಕ್ಕಿಕೊಳ್ಳುತ್ತಾ ಅವರ ಹಿಂದೆ ಮೆಟ್ಟಿಲು ಹತ್ತಿದೆ.