ವೈನಿಯ ವಿಮಾನ, ಅಣ್ಣನ ರೊಟ್ಟಿ

ಒಂದು ಹಕ್ಕಿ ಬಡಿದರೆ ವಿಮಾನ ಹೇಗೋ ಇಳಿಯುತ್ತದೆ, ಹಿಂಡೇ ನುಗ್ಗಿ ಎರಡೂ ಎಂಜಿನ್ ನಿಂತರೆ ಕಷ್ಟ ಎಂದು ಯಾರೋ ಹೇಳಿದ್ದರು. ಯಾರೆಂದು ನೆನಪಿಲ್ಲ. ಇವತ್ತು ಅದನ್ನು ಅಣ್ಣನಿಗೆ ಹೇಳಬಾರದಿತ್ತು, ಗೆಳೆಯರೇ.

ಅವನ ಹೆಂಡತಿ, ನಮ್ಮ ವೈನಿ, ಮೊದಲ ಸಲ ವಿಮಾನದಲ್ಲಿ ಮುಂಬೈಗೆ ಹೊರಟಿದ್ದರು. ಕಳಿಸಲು ಇಳಕಲ್ಲಿನಿಂದ ಒಂದು ಕ್ರೂಸರ್ ಗಾಡಿ ತುಂಬ ಜನ. ಹುನಗುಂದ ದಾಟಿದಾಗಿನಿಂದ ಹುಬ್ಬಳ್ಳಿಯವರೆಗೂ ಅಣ್ಣನದು ಒಂದೇ ಪ್ರಶ್ನೆ: “ಹಕ್ಕಿ ಬಡದರ ಖರೇನ ಬೀಳ್ತದೇನೋ?”

ವೈನಿ ವಿಮಾನ ನಿಲ್ದಾಣದ ಒಳಗೆ ಹೋದರು. ವಿಮಾನ ಏರುವುದನ್ನು ನೋಡಿಯೇ ಹೋಗೋಣವೆಂದು ನಾವು ನಿಲ್ದಾಣದ ಬೇಲಿಯ ಹೊರಗೆ ಬುತ್ತಿ ಬಿಚ್ಚಿದೆವು. ಉಂಡು, ನಾನು ಕೈ ತೊಳೆದು ಬರುವಷ್ಟರಲ್ಲಿ ಅಣ್ಣ ಉಳಿದ ರೊಟ್ಟಿ ಮುರಿದು ಎಸೆಯುತ್ತಿದ್ದ. ಕಾಗೆಗಳ ಸಂತೆಯೇ ನೆರೆದಿತ್ತು. ಮೇಲೆ ಹದ್ದುಗಳೂ ಸುತ್ತತೊಡಗಿದ್ದವು.

“ಏನ್ ಮಾಡಾಕತ್ತೀಯೋ ಅಣ್ಣಾ?”

“ಪುಣ್ಯೇದ ಕೆಲಸ. ನಿಮ್ಮ ವೈನಿ ಸುಖಾ ಮುಟ್ಟಲಿ.”

“ವಿಮಾನಕ್ಕ ಬಡಿಯೂ ಹಕ್ಕಿ ಇವ ಅದಾವು!”

“ನಾ ಉಣಿಸಿದ ಹಕ್ಕಿ ನನ್ನ ಹೇಣ್ತಿಗೆ ಬಡೀತಾವೇನಲೇ?”

ನಾನು ಚಪ್ಪಾಳೆ ತಟ್ಟುತ್ತ ಕಾಗೆಗಳ ಮೇಲೆ ಓಡಿದೆ. ಅವೆಲ್ಲ ಒಟ್ಟಿಗೆ ಮೇಲೆದ್ದವು. ಅದೇ ಹೊತ್ತಿಗೆ ವೈನಿಯ ವಿಮಾನವೂ ಎದ್ದಿತು.

“ಉಣ್ಣೂ ಹಕ್ಕಿ ಎಬ್ಬಿಸಿದೆಲ್ಲೋ ಪಾಪಿ!” ಅಣ್ಣ ನೆಲಕ್ಕೆ ಕುಸಿದ. ಕ್ರೂಸರಿನ ಅಷ್ಟೂ ಜನ ಆಕಾಶ ಬಿಟ್ಟು ನನ್ನನ್ನೇ ನೋಡಿದರು. ಕಾಗೆಗಳು ಒಂದು ಸುತ್ತು ಹೊಡೆದು ಮತ್ತೆ ರೊಟ್ಟಿಗೆ ಇಳಿದವು. ವಿಮಾನ ಸುಮ್ಮನೆ ಮೋಡದೊಳಗೆ ಹೋಯಿತು. ವಾಪಸು ಬರುವಾಗ, ಮುಂಬೈ ಮುಟ್ಟಿದೆನೆಂದು ವೈನಿ ಅಣ್ಣನಿಗೆ ಫೋನು ಮಾಡಿದರು.

ವೈನಿ, ಕಿಟಕಿಯ ಪಕ್ಕದಲ್ಲಿ ಕೂತಿದ್ದಿರಂತೆ. ಬೇಲಿಯಾಚೆ ಚಪ್ಪಾಳೆ ತಟ್ಟುತ್ತ ಓಡುತ್ತಿದ್ದ ಮೈದುನನನ್ನು ಕಂಡು, ನೀವು ಹೋಗಿದ್ದಕ್ಕೆ ಕುಣಿಯುತ್ತಿದ್ದಾನೆ ಅಂದುಕೊಂಡಿರಾ?