ಸೌಡಮ್ಮಾಳ್ ಮತ್ತು ಮಣಿ

ತಮಿಳುನಾಡಿನ ಪಲ್ಲಡಂನ ನೇಕಾರರ ಬೀದಿಯ ಸೌಡಮ್ಮಾಳ್ ಎಪ್ಪತ್ತೆರಡನೇ ವಯಸ್ಸಿನಲ್ಲಿ ನಾಯಿಮರಿ ಮಣಿಯನ್ನು ತಂದಾಗ, “ನಿಮ್ಮ ಕಾಲದ ನಂತರ ಇದರ ಗತಿ ಏನು?” ಎಂದು ಕೇಳದವರಿಲ್ಲ. ಮಂಡಿನೋವೆಂದು ಮೆಟ್ಟಿಲಿಳಿಯದಿದ್ದ ಹೆಂಡತಿ ಈಗ ಮಗ್ಗಗಳು ಸದ್ದು ಮಾಡುವ ಮೊದಲೇ ಮಣಿಯ ಜೊತೆ ಮೂರು ಬೀದಿ ಸುತ್ತಿ ಬರುವುದನ್ನು ಗಂಡ ರಾಮಲಿಂಗಂ ಹೆಮ್ಮೆಯಿಂದ ನೋಡುತ್ತಾರೆ. ಅವರ ಕಾಫಿ ಆರಿದರೂ ಸರಿಯೇ, ಮಣಿಯ ಹಾಲು ಬೆಚ್ಚಗಿರಬೇಕು. ಹಾಲಿನವನ ಬಾಯಲ್ಲೂ ಕನ್ನಡ ಆಡಿಸುವ, ಮೊಮ್ಮಕ್ಕಳು ಹೊಸ್ತಿಲೊಳಗೆ ತಮಿಳಾಡಿದರೆ ತಿಂಡಿ ಮುಚ್ಚಿಡುವ ಈಕೆ, ಮಣಿಗೆ ಮಾತ್ರ ಬಾ, ಕೂರು ಎನ್ನಲು “ವಾ, ಉಕ್ಕಾರು” ಎಂದು ತಮಿಳಿನಲ್ಲೇ ಪಾಠ ಹೇಳುತ್ತಾಳೆ. “ನಾಯಿಗೆ ಮಾತ್ರ ಏನಕ್ಕೆ ತಮಿಳು?” ಎಂದು ರಾಮಲಿಂಗಂ ಒಮ್ಮೆ ಕೆಣಕಿದರು. ಮಣಿಯ ಕಿವಿ ಸವರುತ್ತಾ ಆಕೆ ಅಂದಳು: “ನಾವು ಹೋದ್ಮೇಲೆ ಪಕ್ಕದ್ಮನೆ ಮಲರ್ ಸಾಕ್ತೀನಿ ಅಂದವ್ಳೆ. ಅವಳ್ಗೆ ಕನ್ನಡ ಬರಲ್ಲ. ಅವಳು ಕರೆದ್ರೆ ಇದಕ್ಕೆ ತಿಳೀಬೇಡ್ವಾ?”