ಮೂಕಮ್ಮಾಳ್ ನೋಡಿದ ಸಾರೋಟು

ಮೂಕಮ್ಮಾಳ್ ಎಂದು ಹೆಸರಿಟ್ಟ ಪುಣ್ಯಾತ್ಮರನ್ನು ನೆನೆದು ಕಂಬಂ ಪೇಟೆಯೇ ನಗುತ್ತಿತ್ತು. ಆಕೆ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಎತ್ತಿನೊಡನೆ ಮಾತು, ಚಕ್ರದೊಡನೆ ಮಾತು, ಯಾರೂ ಸಿಗದಿದ್ದರೆ ದಾರಿಬದಿಯ ಮೈಲಿಗಲ್ಲಿನೊಡನೆಯಾದರೂ ಎರಡು ಮಾತು. ಕಂಬದಿಂದ ಚಿನ್ನಮನೂರು, ತೇಣಿ, ಪೆರಿಯಕುಳಂ ದಾಟಿ ದಿಂಡಿಗಲ್ಲಿನ ರೈಲು ನಿಲ್ದಾಣದವರೆಗೆ ಜನರನ್ನು ಗಾಡಿಯಲ್ಲಿ ಹೊತ್ತು ತರುವುದು ಆಕೆಯ ಕಸುಬು. ಆ ದಾರಿಯಲ್ಲಿ ಎಲ್ಲಿ ಹುಣಸೆ ಮರದ ನೆರಳು ಚೆನ್ನ, ಎಲ್ಲಿ ಕಟ್ಟೆಯ ನೀರು ಎತ್ತಿಗೆ ಹೊಟ್ಟೆ ಕೆಡಿಸುತ್ತದೆ, ಯಾವ ಛತ್ರದ ಭಟ್ಟ ಹುಳಿಗೆ ನೀರು ಬೆರೆಸುತ್ತಾನೆ, ಎಲ್ಲವೂ ಆಕೆಯ ನಾಲಗೆಯ ತುದಿಯಲ್ಲಿತ್ತು.

ಹೆಂಗಸು ಗಾಡಿ ಹೊಡೆಯುವುದು ಆ ಸೀಮೆಯಲ್ಲಿ ಇರಲಿಲ್ಲ. ಆಕೆಯೂ ಹುಟ್ಟುತ್ತಲೇ ಹಗ್ಗ ಹಿಡಿದವಳಲ್ಲ. ಗಂಡ ವಾಂತಿಭೇದಿಯಾಗಿ ವತ್ತಲಗುಂಡಿನ ಬಳಿ ದಾರಿಯಲ್ಲೇ ತೀರಿಕೊಂಡಾಗ ಜೊತೆಯಲ್ಲಿದ್ದವಳು ಅವಳೊಬ್ಬಳೇ. ಮುಟ್ಟಲು ಯಾರೂ ಬರಲಿಲ್ಲ. ಹೆಣವನ್ನು ತಾನೇ ಗಾಡಿಗೆ ಹಾಕಿಕೊಂಡು, ತಾನೇ ಎತ್ತು ಹೊಡೆದುಕೊಂಡು ಊರಿಗೆ ಬಂದಳು. ತಿಥಿ ಮುಗಿದ ಮೇಲೆ ಮತ್ತೆ ಅದೇ ಗಾಡಿ ಹತ್ತಿದಾಗ, ಹೆಣ್ಣು ಹಗ್ಗ ಹಿಡಿದರೆ ಊರಿಗೆ ಕೇಡು ಎಂದು ಬೊಬ್ಬೆ ಹೊಡೆದವರು ಇದ್ದರು. ಮುಂದೆ ಅವರೇ ತಮ್ಮ ಬಾಣಂತಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ, "ಮೂಕಮ್ಮಾಳ್ ವಂಡಿನೇ ಆಗ್ಬೇಕು" ಎಂದು ಬಾಗಿಲಿಗೆ ಬಂದು ನಿಂತರು. ಊರಿನ ನಾಲಗೆಗೆ ಎಲುಬಿಲ್ಲ ಎಂದು ಆಕೆ ನಕ್ಕು ಎತ್ತು ಹೂಡಿದಳು.

ಹೀಗೆ ಒಂದು ಜೋಡಿ ನಾಲ್ಕು ಜೋಡಿಯಾಯಿತು. ಆ ಹೊತ್ತಿಗೆ ಸರಿಯಾಗಿ ಬೆಟ್ಟದ ಮೇಲೆ ಸರಕಾರದ ಅಣೆಕಟ್ಟು ಮುಗಿದು, ಹೊಸ ನೀರು ಕಣಿವೆಗೆ ಇಳಿಯಿತು. ಒಂದು ಬೆಳೆಯ ಗದ್ದೆ ಎರಡು ಬೆಳೆ ಕೊಟ್ಟಿತು. ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ಜನರ ಸೊಂಟ ಮೃದುವಾಯಿತು. ಮೊನ್ನೆ ಮೊನ್ನೆಯವರೆಗೆ ಹುಲ್ಲಿನ ಮೇಲೆ ಕೂತು ಪಳನಿಗೆ ಹೋಗುತ್ತಿದ್ದವರು ಈಗ "ಕುಲುಕುತ್ತೆ" ಎನ್ನತೊಡಗಿದರು. ಬೋಡಿಮೆಟ್ಟಿನ ಏಲಕ್ಕಿ ವ್ಯಾಪಾರಿಗಳಂತೂ ಗಾಡಿ ಹತ್ತುವ ಮೊದಲೇ ಬೆನ್ನು ಹಿಡಿದುಕೊಂಡು ನರಳುತ್ತಿದ್ದರು.

ಮೂಕಮ್ಮಾಳ್‌ಗೆ ಸಾರೋಟಿನ ಹುಚ್ಚು ಹಿಡಿದದ್ದು ಆಗ.

ಅದನ್ನು ಅವಳು ನೋಡಿದ್ದು ದಿಂಡಿಗಲ್ಲಿನ ನಿಲ್ದಾಣದ ಹಿಂದೆ, ಅಯ್ಯಾವು ಎಂಬ ದಲ್ಲಾಳಿಯ ಅಂಗಳದಲ್ಲಿ. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಯಾವನೋ ದೊರೆ ಸೀಮೆಯಿಂದ ತರಿಸಿದ್ದಂತೆ. ನಾಲ್ಕು ಚಕ್ರ, ಅಡಿಯಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಕಮಾನು, ಗಾಜಿನ ಕಿಟಕಿ, ಎರಡು ಕಡೆ ಹಿತ್ತಾಳೆ ದೀಪ. ದೊರೆ ಊರಿಗೆ ಮರಳುವಾಗ ಮಾರಿ ಹೋಗಿದ್ದ. ಎಷ್ಟು ಓಡಿದೆ ಎಂದು ಕೇಳಿದರೆ ಅಯ್ಯಾವು ಸುಳ್ಳು ಹೇಳಲಿಲ್ಲ. ಕಣಿವೆಯ ರಸ್ತೆಯಲ್ಲಿ ವರ್ಷಗಟ್ಟಲೆ ಮೇಲೆ ಕೆಳಗೆ ಓಡಾಡಿದೆ, ಚಕ್ರದ ಪಟ್ಟಿ ಎರಡು ಸಲ ಬದಲಾಗಿದೆ ಎಂದ. ಆಮೇಲೆ ಮೀಸೆ ತಿರುವಿ, "ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಹತ್ತಿ ನೋಡಮ್ಮಾ" ಎಂದು ಬಾಗಿಲು ತೆರೆದ.

ಅವಳು ಹತ್ತಿದಳು. ಕುದುರೆಗಳು ಕೋಟೆಯ ಬೆಟ್ಟವನ್ನು ಒಂದು ಸುತ್ತು ಹಾಕಿ ಬಂದವು. ಇಪ್ಪತ್ತೈದು ವರ್ಷ ಎತ್ತಿನ ಗಾಡಿಯ ಮೂಕಿ ಮರದ ಮೇಲೆ ಕೂತು ಕೂತು ಕಲ್ಲಾಗಿದ್ದ ಅವಳ ಬೆನ್ನು ಅವತ್ತು ಮೊದಲ ಬಾರಿ ರಸ್ತೆಯನ್ನು ಮರೆಯಿತು. ತೊಡೆಯ ಮೇಲಿದ್ದ ಚೊಂಬಿನ ನೀರು ತುಳುಕಲಿಲ್ಲ. ಇಳಿಯುವಾಗ ಅವಳಿಗೆ ಅಳು ಬಂತು, ನಗುವೂ ಬಂತು. ಬೇಕು ಅನ್ನಿಸಿತು. ವಯಸ್ಸಾದ ಮೇಲೆ ಬರುವ ಆಸೆಗೆ ಹಲ್ಲು ಜಾಸ್ತಿ.

ಅಯ್ಯಾವು ಹಣ ಕೇಳಲಿಲ್ಲ. ಎರಡು ಜೋಡಿ ಎತ್ತು ಸಾಕು ಎಂದ. ಹೇಗೂ ತನಗೆ ಕಂಬಂ ಕಡೆ ಕೆಲಸವಿದೆ, ಸಾರೋಟನ್ನೂ ತರುತ್ತೇನೆ, ಒಪ್ಪಿಗೆಯಾದರೆ ಬಿಟ್ಟು ಎತ್ತು ಹೊಡೆದುಕೊಂಡು ಬರುತ್ತೇನೆ ಎಂದ.

ಮನೆಯಲ್ಲಿ ನಾದಿನಿ ಪೇಚ್ಚಿಯಮ್ಮಾಳ್ ಒನಕೆ ಕೆಳಗಿಟ್ಟಳು. ಅವಳೂ ಗಂಡನಿಲ್ಲದವಳೇ, ಅಣ್ಣ ಸತ್ತ ಮೇಲೆ ಅತ್ತಿಗೆಯ ಮನೆಯಲ್ಲೇ ಇದ್ದು, ಅತ್ತಿಗೆ ಏನು ಹೇಳಿದರೂ ಮೊದಲು ಬೇಡ ಎನ್ನುವ ಕೆಲಸವನ್ನು ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದಳು.

"ಇರೋ ಎತ್ತು ಮಾಡುಗಳಲ್ಲಿ ಅರ್ಧ ಕೊಟ್ಟು ದೊರೆ ಕೂತು ಸವೆಸಿದ ವಂಡಿ ತತ್ತೀಯಾ ಅತ್ತಿಗೆ? ನಡುದಾರೀಲಿ ಅಚ್ಚು ಮುರುದ್ರೆ?"

"ಅಚ್ಚು ನಾನು ನೋಡ್ದೆ. ಗಟ್ಟಿ ಐತೆ."

"ಅದು ಕುದುರೆ ವಂಡಿ. ನಮ್ಗೆ ಕುದುರೆ ಯಾವನು ಕೊಟ್ಟ?"

"ಮೂಕಿ ಮರ ಬದಲಾಯ್ಸಿ ನೊಗ ಕಟ್ಟಿದ್ರೆ ಆಚು, ಮುಗೀತು. ಆಚಾರಿನ ಕೇಳಿ ಬಂದಿವ್ನಿ. ಉಳಿದ ಎರಡು ಜೋಡಿ ಇದನ್ನ ಎಳಿತಾವೆ. ಈ ಕಣಿವೇಲಿ ಯಾವ ಮದುವೆ ಆದ್ರೂ ಹೆಣ್ಣು ನನ್ನ ಸಾರೋಟಲ್ಲೇ ಹೋಗ್ಬೇಕು, ನೋಡ್ತಿರು."

"ಕೆಟ್ಟ ಮೇಲೆ ಬುದ್ಧಿ ಬಂದ್ರೆ ಏನ್ ಪ್ರಯೋಜನ?" ಎಂದು ಪೇಚ್ಚಿಯಮ್ಮಾಳ್ ಮತ್ತೆ ಒನಕೆ ಎತ್ತಿದಳು. "ಆಗ್ಲಿ. ನನ್ ಮಾತು ಬ್ಯಾಡ. ಸಾಮಿ ಮುಂದೆ ಕೇಳು."

ಸಾಮಿ ಮುಂದೆ ಕೇಳುವುದೆಂದರೆ ತಮಿಳು ಸೀಮೆಯಲ್ಲಿ ನೆಲೆಸಿದ ಈ ಕನ್ನಡದ ಒಕ್ಕಲು ಮಂದಿಗೆ ಬೇರೆ ಯಾವ ಗುಡಿಯೂ ಅಲ್ಲ, ದೇವರ ದೊಡ್ಡಿ. ಅಲ್ಲಿ ಗುಡಿಗೆ ಬಿಟ್ಟ ದನಗಳ ಹಿಂಡು ಇತ್ತು. ಅವಕ್ಕೆ ನೊಗವಿಲ್ಲ, ಏಟಿಲ್ಲ. ಅವುಗಳಲ್ಲಿ ಒಂದು ಪಟ್ಟದ ಹೋರಿ. ಹಳೆಯದು ಸತ್ತರೆ ಹೊಸದನ್ನು ಮನುಷ್ಯರು ಆರಿಸುವುದಿಲ್ಲ. ಹಿಂಡಿನ ಮುಂದೆ ಕಬ್ಬು ಇಡುತ್ತಾರೆ, ತಾನಾಗಿ ಬಂದು ಯಾವುದು ಬಾಯಿ ಹಾಕಿತೋ ಅದಕ್ಕೆ ಪಟ್ಟ. ಆ ಪದ್ಧತಿ ಬೆಳೆದು ಬೆಳೆದು, ಹೆಣ್ಣು ತರುವುದಕ್ಕೂ ಬಾವಿ ತೋಡುವುದಕ್ಕೂ ಪಟ್ಟದ ಹೋರಿಯ ಒಪ್ಪಿಗೆ ಕೇಳುವವರೆಗೆ ಬಂದಿತ್ತು. ಅದು ಬಂದು ಬಾಯಿ ಹಾಕಿದರೆ ಸೈ, ಮುಖ ತಿರುಗಿಸಿದರೆ ಬಿಟ್ಟುಬಿಡು. ದೊಡ್ಡಿಯ ಪೂಜಾರಿ ಚಿನ್ನಯ್ಯ ಈ ವಿಷಯದಲ್ಲಿ ಬಲು ಬಿಗಿ.

ಅಯ್ಯಾವು ಹೇಳಿದಂತೆ ಬಂದ. ಸಾರೋಟು ಕಂಬದ ಬೀದಿಗೆ ಬಂದಾಗ ಅಡುಗೆ ಒಲೆಯ ಮೇಲೆ ಬಿಟ್ಟು ಹೆಂಗಸರು ಓಡಿ ಬಂದರು. ದಿಂಡಿಗಲ್ಲಿನಲ್ಲಿದ್ದಂತೆಯೇ ಒಳಗೆಲ್ಲ ಸಾಂಬ್ರಾಣಿಯ ಹೊಗೆ, ಮಲ್ಲಿಗೆಯ ಸರ. ನೆಲದ ಹಲಗೆಗೆ ಹೊಸ ಬಣ್ಣ. ಮೂಕಮ್ಮಾಳ್ ಸೀರೆ ಎತ್ತಿ ಕಟ್ಟಿಕೊಂಡು ಗಾಡಿಯ ಅಡಿ ನುಸುಳಿದಳು. ಕಮಾನಿನ ಪಟ್ಟಿಗಳನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದಳು, ಚಕ್ರದ ನಡುವಿನ ಗುಂಬದ ಎಣ್ಣೆ ಮೂಸಿದಳು, ಚಕ್ರ ಎತ್ತಿ ತಿರುಗಿಸಿ ಅಲುಗಾಟ ನೋಡಿದಳು. ಚಕ್ರದ ಒಂದು ಅರೆಕಾಲು ಸಡಿಲವಾಗಿತ್ತು, ಅದು ದೊಡ್ಡದಲ್ಲ. ಈ ಗಾಡಿ ಇನ್ನೂ ಹತ್ತು ವರ್ಷ ಓಡುತ್ತದೆ ಎಂದು ಎದ್ದು ಧೂಳು ಕೊಡವಿದಳು. ಆ ಮಾತು ನಿಜವೇ ಆಗಿತ್ತು.

ಅಯ್ಯಾವು ಕೊಟ್ಟಿಗೆಗೆ ಹೋದ. ಕರಿಯ, ಮಚ್ಚ, ಕೆಂದ, ಬೂದ ಎಂಬ ನಾಲ್ಕೂ ಎತ್ತುಗಳ ಮೈ ಮೇಲೆ ಕೈಯಾಡಿಸಿ, ಬೆನ್ನು ಸವರಿ, ಚೆನ್ನಾಗಿವೆ ಎಂದ. ಹಲ್ಲು ಹಿಡಿದು ನೋಡಲಿಲ್ಲ, ನಡೆಸಿ ನೋಡಲಿಲ್ಲ. ಎಂಥ ಉದಾರಿ ಎಂದು ಮೂಕಮ್ಮಾಳ್ ಹಿಗ್ಗಿದಳು. ಆಸೆಯ ಕಣ್ಣಿಗೆ ಎದುರಿನವನ ತಪ್ಪು ಕಾಣುವುದಿಲ್ಲ. ಕಂಡರೂ ಅದು ಗುಣವಾಗಿ ಕಾಣುತ್ತದೆ.

ಮರುದಿನ ಬೆಳಿಗ್ಗೆ ಸಾರೋಟನ್ನು ದೊಡ್ಡಿಯ ಮುಂದಿನ ಬಯಲಿಗೆ ತಂದು ಕುದುರೆ ಬಿಚ್ಚಿದರು. ಬಾಗಿಲು ತೆರೆದು ಸೀಟಿನ ಮೇಲೆ ಕಬ್ಬಿನ ಕಟ್ಟು ಇಟ್ಟರು. ನಾಲ್ಕು ಎತ್ತುಗಳನ್ನು ಪಕ್ಕದಲ್ಲಿ ನಿಲ್ಲಿಸಿ, ಮೂಕಮ್ಮಾಳ್ ಊರೆಲ್ಲ ಕೇಳುವಂತೆ, "ಸಾಮಿ ಒಪ್ಪಿದ್ರೆ ಇವನ್ನ ಕೊಟ್ಟೆ" ಎಂದು ಹೇಳಿದಳು. ಚಿನ್ನಯ್ಯ ದೊಡ್ಡಿಯ ಪಡಿ ಸರಿಸಿದ.

ಪಟ್ಟದ ಹೋರಿ ತನ್ನ ದೊಡ್ಡ ಡುಬ್ಬ ಅಲುಗಿಸುತ್ತ ಹೊರಗೆ ಬಂತು. ನಿಂತಿತು. ಮೂಗು ಎತ್ತಿ ಗಾಳಿ ಹಿಡಿಯಿತು. ಆಮೇಲೆ ನೇರ ಸಾರೋಟಿನ ಬಳಿ ಹೋಗಿ, ಬಾಗಿಲೊಳಗೆ ಅರ್ಧ ಮೈ ತೂರಿಸಿತು. ಹೆಂಗಸರು ನಾಲಗೆ ಹೊರಳಿಸಿ ಮಂಗಳದ ಕುಲವೆ ಹಾಕಿದರು. "ಸಾಮಿ ಒಪ್ತು!" ಎಂದು ಚಿನ್ನಯ್ಯ ಕೈ ಎತ್ತಿ ಕೂಗಿದ. ಪೇಚ್ಚಿಯಮ್ಮಾಳ್ ಕೂಡ ಕಣ್ಣೊರೆಸಿಕೊಂಡಳು.

ಆದರೆ ಹೋರಿ ಕಬ್ಬು ಮುಟ್ಟಿರಲಿಲ್ಲ. ಅದು ನೆಲದ ಹಲಗೆಯನ್ನು ನೆಕ್ಕುತ್ತಿತ್ತು. ಹೊಸ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುವಂತೆ, ಒರಟು ನಾಲಗೆ ಚಾಚಿ ಚಾಚಿ ನೆಕ್ಕುತ್ತಿತ್ತು. ಹಿಂದೆಯೇ ಮಿಕ್ಕ ದನಗಳೂ ಬಂದು ಒಂದನ್ನೊಂದು ತಳ್ಳಿಕೊಂಡು ಬಾಗಿಲಿಗೆ ಮುತ್ತಿದವು. ಕುಲವೆ ಇನ್ನೂ ಜೋರಾಯಿತು.

ಮೂಕಮ್ಮಾಳ್ ತನ್ನ ಕುಲವೆ ನಿಲ್ಲಿಸಿದಳು. ದನ ಹೀಗೆ ನೆಕ್ಕುವುದು ಯಾವುದನ್ನು ಎಂದು ಅವಳಿಗೆ ಗೊತ್ತು. ಮಳೆಗಾಲದಲ್ಲಿ ಕೊಟ್ಟಿಗೆಯ ಕಂಬಕ್ಕೆ ಉಪ್ಪಿನ ಗಂಟು ಕಟ್ಟುವವಳು ಅವಳೇ ತಾನೆ. ಹೋರಿಯ ಕತ್ತಿನ ಕೆಳಗಿಂದ ಕೈ ತೂರಿಸಿ, ಬಣ್ಣ ಎದ್ದ ಹಲಗೆಯ ಸಂದಿಯಲ್ಲಿ ಬೆರಳು ಎಳೆದು ಬಾಯಿಗಿಟ್ಟಳು. ಉಪ್ಪು. ಬೆರಳನ್ನು ಮೂಸಿದಳು. ಸಾಂಬ್ರಾಣಿಯ ಅಡಿಯಲ್ಲಿ ಇನ್ನೊಂದು ನಾತವಿತ್ತು. ದಿಂಡಿಗಲ್ಲಿನ ಹೊರಗೆ ತೊಗಲು ಹದಮಾಡುವ ಕೊಟ್ಟಿಗೆಗಳ ಬೀದಿ ಬಂದಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳಲ್ಲ, ಅದೇ ನಾತ.

ಹಸಿ ತೊಗಲಿಗೆ ಉಪ್ಪು ತಿಕ್ಕಿ ಮಡಿಸಿ, ಈ ಸಾರೋಟಿನಲ್ಲೇ ಊರೂರಿಂದ ಹೇರಿದ್ದಾರೆ. ಹಲ್ಲು ನೋಡದೆ ಬೆನ್ನು ಸವರಿದ ಕೈ ಈಗ ಅರ್ಥವಾಯಿತು.

"ಅಯ್ಯಾವು," ಎಂದಳು ತಮಿಳಿನಲ್ಲಿ, ಊರೆಲ್ಲ ಕೇಳುವಂತೆ, "ನನ್ನ ಎತ್ತು ನಿನಗೆ ಉಳೋಕಾ, ಸುಲಿಯೋಕಾ?"

ಅಯ್ಯಾವು ಮುಖ ತಪ್ಪಿಸಲಿಲ್ಲ. "ವ್ಯಾಪಾರಕ್ಕಮ್ಮಾ. ನಿಮ್ಮ ಬಾವಿಯಿಂದ ನೀರೆತ್ತೋ ಕಪಿಲೆಗೆ ಕಟ್ಟಿರೋ ಬಾನಿ ಯಾವ ಮರದ್ದು? ತೊಗಲಿನದ್ದೇ ಅಲ್ಲವಾ? ಅದನ್ನ ಕೊಡೋನು ನನ್ನಂಥವನೇ."

"ಅದು ಸತ್ತದ್ದರ ತೊಗಲು. ಇವು ನಿಂತಿವೆ, ನೋಡು. ಉಸಿರಾಡ್ತಿವೆ."

ಕುಲವೆ ನಿಂತಿತು. ಹೋರಿ ಮಾತ್ರ ನೆಕ್ಕುತ್ತಲೇ ಇತ್ತು. ಚಿನ್ನಯ್ಯನಿಗೆ ವಿಷಯ ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಮೇಲೆ ಅವನ ಮುಖ ಬೂದಿಯಾಯಿತು. ದೇವರ ದನಗಳನ್ನು ಕೂಗಿ ಕೂಗಿ ಹಿಂದಕ್ಕೆ ಅಟ್ಟಿಸಿದ, ಅರಿಶಿನದ ನೀರು ತನ್ನಿ ಎಂದ. ಅಷ್ಟಾದರೂ ಅವನ ಬಿಗಿ ಸಡಿಲವಾಗಲಿಲ್ಲ.

"ಅಮ್ಮಾ, ಉಪ್ಪೋ ಸಕ್ಕರೆನೋ ಸಾಮಿ ಬಾಯಿ ಹಾಕ್ತು. ಸಾಮಿ ಮುಂದೆ ನಿಂತು ಕೊಟ್ಟೆ ಅಂದೆ ನೀನು. ಕೊಟ್ಟೆ ಅಂದ ಮಾಡು ತಿರುಗಿ ನಿನ್ ಕೊಟ್ಟಿಗೆಗೆ ಬರಂಗಿಲ್ಲ. ನಾನ್ ಹೇಳೋದಲ್ಲ, ಹಿರೀಕರು ಕಟ್ಟಿದ್ದು."

"ಇದೆಂಥಾ ನ್ಯಾಯ!" ಎಂದು ಪೇಚ್ಚಿಯಮ್ಮಾಳ್ ಮೊದಲ ಬಾರಿಗೆ ಅತ್ತಿಗೆಯ ಪರವಾಗಿ ಬಾಯಿ ತೆರೆದಳು. "ಉಪ್ಪು ನೆಕ್ಕಿದ್ದಕ್ಕೆ ನಾಲ್ಕು ಜೀವ ಕೊಡ್ಬೇಕಾ?"

ಮೂಕಮ್ಮಾಳ್ ನಾದಿನಿಯ ತೋಳು ಹಿಡಿದು ಸುಮ್ಮನಿರಿಸಿದಳು. ಅವಳಿಗೆ ಚಿನ್ನಯ್ಯನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ತನ್ನ ಮೇಲೆಯೇ. ಗಾಡಿಯ ಅಡಿ ನುಸುಳಿ ಅಚ್ಚು, ಗುಂಬ, ಕಮಾನು ಎಲ್ಲ ನೋಡಿದವಳು, ಮಾರುವವನ ಮುಖ ನೋಡಲಿಲ್ಲ. ತಪ್ಪು ತನ್ನದಾದರೆ ದಂಡ ಎತ್ತುಗಳು ಯಾಕೆ ಕೊಡಬೇಕು? ಅವಳು ಒಂದು ಉಸಿರು ಎಳೆದುಕೊಂಡಳು. ತೀರ್ಮಾನಕ್ಕೆ ಅಷ್ಟೇ ಸಾಕಾಯಿತು.

"ನನ್ ಕೊಟ್ಟಿಗೆಗೆ ಬರಬಾರ್ದು. ಅಷ್ಟೇ ತಾನೆ?"

"ಅಷ್ಟೇ."

"ಹಂಗಾದ್ರೆ ನಿನ್ ದೊಡ್ಡಿಗೆ ಬರ್ಲಿ. ನಾಲ್ಕನ್ನೂ ಸಾಮಿಗೆ ಬಿಟ್ಟೆ."

ತಾನೇ ಹೋಗಿ ಮೂಗುದಾರಗಳನ್ನು ಒಂದೊಂದಾಗಿ ಕೊಯ್ದಳು. ಗುಡಿಗೆ ಬಿಟ್ಟ ದನವನ್ನು ಕೊಳ್ಳುವ ಗಂಡು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಅಯ್ಯಾವು ತಲೆ ಅಲ್ಲಾಡಿಸಿ, ಕುದುರೆ ಹೂಡಿ, ಸಾರೋಟು ತಿರುಗಿಸಿಕೊಂಡು ಹೋದ. ಅದು ಹೋಗುವುದನ್ನು ಅವಳು ಕಣ್ಣು ತುಂಬ ನೋಡಿದಳು. ಗುಂಡಿ ಹಾರುವಾಗಲೂ ಅದು ದೋಣಿಯಂತೆ ತೂಗುತ್ತಿತ್ತು. ಇಂಥ ಗಾಡಿ ಇನ್ನು ತನ್ನ ಕಾಲಕ್ಕೆ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೆ ಸಂಕಟವೂ ಆಯಿತು.

ಮುಂದಿನ ವಾರ ಪಳನಿಗೆ ಹೋಗುವ ಮುದುಕಿಯರ ಗುಂಪೊಂದು ಬಂತು. ಬೆಳಗಿನ ತಂಪಿನಲ್ಲಿ ಮೂಕಮ್ಮಾಳ್ ಮನೆ ಮುಂದೆ ಗಾಡಿ ತಂದು, ಮೂಕಿ ಎತ್ತಿ ಹಿಡಿದು, ಉಳಿದ ಎತ್ತುಗಳನ್ನು ಪೇಚ್ಚಿಯಮ್ಮಾಳ್ ಹೊಡೆದು ತರಲೆಂದು ಕಾಯುತ್ತಿದ್ದಳು. ದೇವರ ಹಿಂಡು ಮೇಯಲು ಅದೇ ದಾರಿಯಲ್ಲಿ ಹೊರಟಿತ್ತು. ಹಿಂಡಿನಿಂದ ಒಂದು ಎತ್ತು ಬೇರೆಯಾಗಿ ಬಂತು. ಬೂದ. ಯಾರೂ ಕರೆಯದೆ ಬಂದು, ಯಾವಾಗಲೂ ನಿಲ್ಲುವ ಎಡಗಡೆಯೇ ನಿಂತು, ನೊಗದ ಅಡಿಗೆ ಕತ್ತು ಕೊಟ್ಟಿತು.

ಮೂಕಮ್ಮಾಳ್ ಮೂಕಿ ಇಳಿಸಿದರೆ ಸಾಕು, ನೊಗ ಕೂರುವ ಜಾಗದಲ್ಲಿ ಕೂರುತ್ತಿತ್ತು. ದೂರದಿಂದ ಚಿನ್ನಯ್ಯ ನೋಡುತ್ತಿದ್ದ. ಅವಳು ನೊಗವನ್ನು ಇನ್ನೂ ಮೇಲಕ್ಕೆ ಎತ್ತಿ ಹೆಗಲ ಮೇಲಿಟ್ಟುಕೊಂಡು, ಹಣೆಯಿಂದ ಅದರ ಹಣೆಯನ್ನು ಹಿಂದಕ್ಕೆ ದಬ್ಬಿದಳು. ಅದು ಹೋಗಲಿಲ್ಲ. ಮತ್ತೆ ಕತ್ತು ತಗ್ಗಿಸಿತು. ಅವಳು ಬೀದಿಯಲ್ಲೇ, ಮುದುಕಿಯರೆಲ್ಲ ನೋಡುತ್ತಿದ್ದ ಹಾಗೆಯೇ, ಗೊಳೋ ಎಂದು ಅತ್ತುಬಿಟ್ಟಳು.

"ಯಾರ್ದಮ್ಮಾ ಈ ಮಾಡು?" ಎಂದು ಗಾಡಿಯೊಳಗಿಂದ ಒಬ್ಬ ಮುದುಕಿ ಕೇಳಿದಳು.

"ಸಾಮೀದು," ಎಂದು ಮೂಕಮ್ಮಾಳ್ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗಪ್ಪಾ. ಮೇಯ್ಕೊಂಡ್ ಹೋಗು. ಇನ್ನ ಎಳಿಯೋದು ನಿನ್ ಪಾಡಲ್ಲ, ನಂದು."